ಹೊಳೆಪ್ಪನ ವಿಮಾನ

ತಲೆ ಮತ್ತೆ ಎಡಕ್ಕೆ ವಾಲಿತು. ರೇವವ್ವ ಎದ್ದು ಹೋಗಿ, ಗಂಡನ ಗದ್ದದ ಕೆಳಗೆ ಬಿಗಿದಿದ್ದ ಬಿಳಿ ಪಟ್ಟಿಯನ್ನು ಬಿಚ್ಚಿ, ಗೋಡೆಯ ಗೂಟಕ್ಕೆ ಸುತ್ತಿ ಮತ್ತೆ ಎಳೆದು ಕಟ್ಟಿದಳು.

"ಸಾಕು ಬಿಡಬೇ ಯವ್ವಾ, ಎಷ್ಟಂತ ಕಟ್ತಿ," ಅಂದಳು ಮಗಳು ನೀಲಕ್ಕ. ಮಿಶ್ರಿಕೋಟಿಯಿಂದ ಮೊದಲ ಬಸ್ಸಿಗೆ ಬಂದವಳು. ಅತ್ತು ಅತ್ತು ದನಿ ಬಿದ್ದಿತ್ತು.

"ನಿಮ್ಮಪ್ಪ ಯಾರ ಮುಂದೂ ತಲಿ ಬಗ್ಗಿಸಿದಾಂವಲ್ಲ. ಇವತ್ತ ಇಷ್ಟು ಮಂದಿ ಮುಂದ ಬಗ್ಗಿಸಿಕೊಂಡು ಕುಂದ್ರೂದು ಬ್ಯಾಡ."

ಹೊಳೆಪ್ಪ ಹಣೆತುಂಬ ವಿಭೂತಿ ಬಳಿದುಕೊಂಡು, ಪದ್ಮಾಸನ ಹಾಕಿ, ಪಡಸಾಲೆಯ ಗೋಡೆಗೆ ಒರಗಿ ಕೂತಿದ್ದ. ನಿನ್ನೆ ಇಳಿಹೊತ್ತಿನಲ್ಲಿ ಇನ್ನೊಬ್ಬರ ಟ್ರ್ಯಾಕ್ಟರಿನ ಕೆಳಗೆ ಮಲಗಿ ಏನನ್ನೋ ರಿಪೇರಿ ಮಾಡುತ್ತಿದ್ದವನು, ಎದೆ ಹಿಡಿದುಕೊಂಡು ಹೊರಗೆ ಬಂದು ನೀರು ಕೇಳಿದ್ದ. ತಂಬಿಗೆ ಬರುವಷ್ಟರಲ್ಲಿ ಮುಗಿದಿತ್ತು.

ಅಂಗಳದಲ್ಲಿ ಬಿದಿರು ಸೀಳುವ ಸದ್ದು ನಡೆದಿತ್ತು. ಅವರಲ್ಲಿ ಸತ್ತವರನ್ನು ಮಲಗಿಸಿ ಒಯ್ಯುವುದಿಲ್ಲ. ಬಿದಿರಿನ ಪೀಠದಲ್ಲಿ ಕೂರಿಸಿ, ಮೇಲೊಂದು ಗೋಪುರ ಕಟ್ಟಿ, ಬಾಳೆಕಂಬ, ಚೆಂಡುಹೂ ಸುತ್ತಿ ಹೆಗಲ ಮೇಲೆ ಹೊರುತ್ತಾರೆ. ಅದಕ್ಕೂ ವಿಮಾನವೆಂದೇ ಹೆಸರು. ಮುತ್ತಲಗಟ್ಟಿಯಲ್ಲಿ ಏರ್‌ಪೋರ್ಟ್ ಆದ ಹೊಸದರಲ್ಲಿ ಊರ ಮುದುಕರು, "ನಾವು ಹತ್ತೂ ವಿಮಾನ ಒಂದ ಐತಿ, ಅದಕ್ಕ ಟಿಕೀಟಿಲ್ಲ" ಎಂದು ನಗುತ್ತಿದ್ದರು.

ಹೊಳೆಪ್ಪನ ಅಣ್ಣ ಶಂಭುಲಿಂಗಪ್ಪ ಒಳಗೆ ಬಂದ. ಸೊಸೈಟಿ ಚೇರಮನ್ನನಾಗಿದ್ದವನು, ಯಾರ ಜೊತೆಗೂ ಎದುರು ಮಾತು ಬೆಳೆಸದ ಮನುಷ್ಯ.

"ರೇವವ್ವಾ, ಟ್ರ್ಯಾಕ್ಟರಿಗೆ ಹೇಳೇನಿ. ಸಂಶಿ ರಸ್ತೆ ಹಿಡದು ಸುತ್ತು ಹಾಕ್ಕೊಂಡು ಹೋಗೂದು. ರಾತ್ರಿ ಮಳಿ ಆಗೈತಿ, ಎರಿ ಹಾದಿ ಪೂರಾ ಕೆಸರು. ಲಗೂನ ಬಿಟ್ರ ಸಂಜಿಯೊಳಗ ಮಣ್ಣಾಗತೈತಿ."

"ನಮ್ಮ ಅತ್ತೀನೂ ಹಂಗ ಒಯ್ದಿರಿ ಭಾವಾರ. ಗಾಲಿ ಹುಗದು ಟ್ರೇಲರ್ ವಾಲಿ, ಮುದುಕಿ ಕೆಸರಾಗ ಬಿದ್ಲು."

"ಮತ್ತೇನು ಮಾಡೂದವ್ವಾ? ಹಳೇ ಹಾದಿ ಅವರು ಮುಚ್ಯಾರ."

ಅದು ನಿಜ. ಮನೆತನದವರನ್ನೆಲ್ಲ ಹೂಳುತ್ತ ಬಂದ ಹಳ್ಳದ ಹೊಲ ಊರ ಹಿಂದೆಯೇ ಇತ್ತು. ಬಂಡಿ ಹಾದಿ ಹಿಡಿದು ನೆಟ್ಟಗೆ ನಡೆದರೆ ಎಲೆ ಅಡಿಕೆ ಹಾಕಿ ಮುಗಿಸುವುದರೊಳಗೆ ತಲುಪಬಹುದಿತ್ತು. ಈಗ ಆ ಹಾದಿಗೆ ಅಡ್ಡ ವಿಮಾನ ಇಳಿಯುವ ಬಯಲಿತ್ತು, ಬಯಲಿನ ಸುತ್ತ ಮುಳ್ಳುತಂತಿ ಇತ್ತು. ರೇವವ್ವ ತಲೆಯಾಡಿಸಿದಳು. ಟ್ರ್ಯಾಕ್ಟರ್ ಅಂದರೆ ಟ್ರ್ಯಾಕ್ಟರ್.

ಅಷ್ಟರಲ್ಲಿ ಡೊಳ್ಳಿನ ಸದ್ದು ಕೇಳಿಸಿತು. ಬಯಲಿನಾಚೆಯ ಕುರುಬರ ಹಟ್ಟಿಯ ಮಂದಿ, ಗಂಡಸರು ಹೆಂಗಸರು ಎಲ್ಲ ಕೂಡಿ, ಬಳಸು ಹಾದಿಯ ಕೆಸರು ಮೊಣಕಾಲತನಕ ಮೆತ್ತಿಕೊಂಡು ಬಂದಿದ್ದರು. ಮುಂದೆ ಹಿರಿಯ ಕರಿಸಿದ್ದಪ್ಪ, ಹೆಗಲ ಮೇಲೆ ಕಂಬಳಿ.

"ಹೆಗಲು ನಾವೂ ಕೊಡತೀವ್ರಿ," ಅಂದ.

ಶಂಭುಲಿಂಗಪ್ಪ ಅತ್ತಿತ್ತ ನೋಡಿದ. "ನಮ್ಮ ಮಂದಿ ಅದಾರಪ್ಪ. ನೀವು ಹಿಂದ ಬರ್ರಿ, ಸಾಕು."

"ಭಾವಾರ," ರೇವವ್ವ ಕೂತಲ್ಲಿಂದಲೇ ಅಂದಳು, "ಅವರು ಮುಂದ ಹಿಡೀಲಿ. ನಿಮ್ಮ ತಮ್ಮ ನೌಕರಿ ಕಳಕೊಂಡಿದ್ದು ನಮ್ಮ ಮಂದಿ ಸಲುವಾಗಿ ಅಲ್ಲ."

*

ಯುದ್ಧದ ಕಾಲಕ್ಕೆ ಬ್ರಿಟಿಷರು ಹಾಸಿ ಬಿಟ್ಟುಹೋದ ಡಾಂಬರಿನ ಪಟ್ಟಿ ಅದು. ಅವರು ಹೋದ ಮೇಲೆ ಅಲ್ಲಿ ವಿಮಾನ ಇಳಿಯಲಿಲ್ಲ. ಸುಗ್ಗಿಯಲ್ಲಿ ಊರವರು ಅದರ ಮೇಲೆ ಜೋಳ ಒಕ್ಕಿದರು, ಮೆಣಸಿನಕಾಯಿ ಹರವಿದರು. ಆ ದಿನಗಳಲ್ಲಿ ಅತ್ತ ಹಾದುಹೋದವರೆಲ್ಲ ಸೀನುತ್ತ ಹೋಗುತ್ತಿದ್ದರು. ಎಂಬತ್ತೆರಡರಲ್ಲಿ ಸರ್ಕಾರಕ್ಕೆ ಆ ಪಟ್ಟಿಯ ನೆನಪಾಯಿತು. ಹೊಸ ಡಾಂಬರು ಬಿತ್ತು, ನಡುವೆ ಬಿಳಿ ಗೆರೆ ಎಳೆದರು, ಗಾಳಿ ಯಾವ ಕಡೆಗೆಂದು ತೋರಿಸುವ ಬಟ್ಟೆಯ ಚೀಲವನ್ನು ಕಂಬಕ್ಕೆ ಕಟ್ಟಿದರು. ತಗಡು ಹೊದಿಸಿದ ಒಂದು ಹಾಲ್, ನಿಸ್ತಂತಿನ ಒಂದು ಕೋಣೆ, ಬೆಂಕಿ ಆರಿಸುವ ಒಂದು ಕೆಂಪು ಗಾಡಿ. ಬೆಂಗಳೂರಿನಿಂದ ಬಂದು ಬೆಳಗಾವಿಗೆ ಹೋಗುವ ಹದಿನೆಂಟು ಸೀಟಿನ ಪುಟ್ಟ ವಿಮಾನ ವಾರಕ್ಕೆ ಮೂರು ಸಲ ಇಳಿಯತೊಡಗಿತು.

ಹೊಳೆಪ್ಪ ಆಗ ಕುಂದಗೋಳದ ಅರಳೆ ಮಿಲ್ಲಿನ ಲಾರಿ ಓಡಿಸುತ್ತಿದ್ದ. ದೊಡ್ಡ ಗಾಡಿಯ ಲೈಸೆನ್ಸ್ ಇದ್ದವನು ಹತ್ತಿರದಲ್ಲಿ ಅವನೊಬ್ಬನೇ. ಕೆಂಪು ಗಾಡಿ ಅವನ ಪಾಲಿಗೆ ಬಂತು.

ಮೊದಲ ದಿನ ಮನೆಗೆ ಬಂದವನು ರೇವವ್ವನನ್ನು ಒಲೆಯ ಮುಂದಿನಿಂದ ಎಬ್ಬಿಸಿ ಕೂರಿಸಿ ಹೇಳಿದ್ದ: "ನೋಡಲೇ ರೇವಿ, ನನ್ನ ಗಾಡಿ ಎಂಜಿನ್ ಚಾಲೂ ಮಾಡಿ ಅಲ್ಲಿ ನಿಲ್ಲೂತನಕ ವಿಮಾನ ನೆಲಾ ಮುಟ್ಟಂಗಿಲ್ಲ. ಕಾಯ್ದೇನ ಹಂಗೈತಿ. ಅದರಾಗ ಮಂತ್ರಿ ಇರಲಿ, ಮಠದ ಸ್ವಾಮಿ ಇರಲಿ, ನಾ ನಿಲ್ಲಬೇಕು, ಅವರು ಇಳೀಬೇಕು."

ಒಳ್ಳೆಯ ಮಾತಿನ ಮನುಷ್ಯನೇನಲ್ಲ ಅವನು. ಬಾಯಿ ಜೋರು, ತಂಬಾಕಿನ ಚಟ, ಸಂತೆಯಲ್ಲಿ ಬದನೆಕಾಯಿಯವಳ ಜೊತೆಗೂ ಜಗಳ. ಆದರೆ ವಿಮಾನ ಬರುವ ದಿನ ತುಟಿ ಬಿಚ್ಚುತ್ತಿರಲಿಲ್ಲ. ಗಾಡಿ ಓಡಿಸುತ್ತ ಪಟ್ಟಿಯ ಆ ತುದಿಗೆ ಹೋಗಿ, ಎಮ್ಮೆ ನಾಯಿ ಹೊರಗೆ ಅಟ್ಟಿ, ತನ್ನ ಜಾಗಕ್ಕೆ ಬಂದು ನಿಲ್ಲುತ್ತಿದ್ದ. ಪಕ್ಕದಲ್ಲಿ ಪೈಪು ಹಿಡಿಯುವ ಜಹೀರುದ್ದೀನ. ಅವನೂ ಇದೇ ಊರವನು. ಹೊಳೆಪ್ಪನಿಗೆ ಕಾಕಾ ಎನ್ನುತ್ತಿದ್ದ, ರೇವವ್ವನಿಗೆ ಕಾಕು.

ಎಂಬತ್ತೈದರ ಹೋಳಿಯ ಮುಂಚಿನ ಒಂದು ಮಧ್ಯಾಹ್ನ. ಅವತ್ತಿನ ವಿಮಾನದಲ್ಲಿ ಒಬ್ಬ ಮಂತ್ರಿ ಬರುವವರಿದ್ದರು. ತಗಡಿನ ಹಾಲ್‌ನೊಳಗೆ ಹಾರ ಹಿಡಿದ ಮಂದಿ. ಹೊಳೆಪ್ಪ ಗಾಡಿಯನ್ನು ಜಾಗಕ್ಕೆ ನಿಲ್ಲಿಸಿ ನೋಡಿದರೆ, ತಂತಿಯಾಚೆ ಕುರುಬರ ಹಟ್ಟಿಯ ಕಡೆ ಕರಿ ಹೊಗೆ. ಜೋಳದ ಕಣಿಕೆಯ ಬಣವೆ ಹೊತ್ತಿತ್ತು, ಗಾಳಿ ಗುಡಿಸಲುಗಳ ಕಡೆಗೆ ಬೀಸುತ್ತಿತ್ತು. ಹುಬ್ಬಳ್ಳಿಯಿಂದ ಬೆಂಕಿ ಗಾಡಿ ಬರುವಷ್ಟರಲ್ಲಿ ಬೂದಿಯೂ ಆರಿರುತ್ತದೆ.

ಹೊಳೆಪ್ಪ ಗಾಡಿ ತಿರುಗಿಸಿದ. ಏರ್‌ಪೋರ್ಟಿನ ಆಗಿನ ಸಾಹೇಬ ಟೈ ಹಾರಿಸುತ್ತ ಓಡಿ ಬಂದು ಅಡ್ಡ ನಿಂತ.

"ಎಲ್ಲಿಗೆ? ಫ್ಲೈಟು ಬಂದೇಬಿಡ್ತು!"

"ವಿಮಾನ ಮ್ಯಾಲೆ ನಿಲ್ತೈತ್ರಿ ಸಾಹೇಬ್ರ. ಬೆಂಕಿ ನಿಲ್ಲಂಗಿಲ್ಲ. ಬಾಜು ಸರೀರಿ."

ಸಾಹೇಬ ಸರಿದ. ಗೇಟಿನ ಅಡ್ಡ ಕಂಬ ಎತ್ತಲು ಕಾವಲುಗಾರ ಹಿಂದೆಮುಂದೆ ನೋಡಿದ. ಹೊಳೆಪ್ಪ ಅದನ್ನು ಮುರಿದುಕೊಂಡೇ ಹೋದ.

ಹಟ್ಟಿಯಲ್ಲಿ ಅರ್ಧದಷ್ಟು ಗುಡಿಸಲುಗಳು ಸುಟ್ಟವು. ಕೊನೆಯ ಗುಡಿಸಲಿನೊಳಗೆ ಕರಿಸಿದ್ದಪ್ಪನ ಸೊಸೆ ಮೈಲಾರವ್ವ ಹಸಿ ಬಾಣಂತಿ, ಕೂಸು ಪಕ್ಕದಲ್ಲಿ. ಬಾಗಿಲಿಗೆ ಬೆಂಕಿ ಬಂದಿತ್ತು. ಜಹೀರ ಪೈಪು ಹಿಡಿದು ನೀರು ಬಿಟ್ಟ. ಹೊಳೆಪ್ಪ ಹಿಂದಿನ ತಟ್ಟಿ ಒದ್ದು ಮುರಿದು ತಾಯಿ ಕೂಸು ಇಬ್ಬರನ್ನೂ ಎಳೆದುಕೊಂಡು ಬಂದ. ಒಂದೂ ಜೀವ ಹೋಗಲಿಲ್ಲ. ವಿಮಾನ ಮೇಲೆ ಎರಡು ಸುತ್ತು ಹಾಕಿ, ಕೆಳಗೆ ಕೆಂಪು ಗಾಡಿ ಕಾಣದೆ, ಮಂತ್ರಿಯನ್ನು ಹೊತ್ತುಕೊಂಡು ಬೆಳಗಾವಿಗೆ ಹೋಯಿತು.

*

ವಿಮಾನ ಕಟ್ಟಿ ಮುಗಿದಿತ್ತು. ಹೊಳೆಪ್ಪನನ್ನು ಎತ್ತಿ ತಂದು ಅದರಲ್ಲಿ ಕೂರಿಸಿದರು. ಮುಂದಿನ ಬಿದಿರಿಗೆ ಕರಿಸಿದ್ದಪ್ಪನ ಮಕ್ಕಳು ಕೈ ಹಾಕಿದ್ದರು. ಹಿಂದಿನದಕ್ಕೆ ಜಹೀರುದ್ದೀನ ಮತ್ತು ಅವನ ಜೊತೆ ಏರ್‌ಪೋರ್ಟಿನಲ್ಲಿ ಪೈಪು ಹಿಡಿಯುವ ಇಬ್ಬರು. ಅವತ್ತು ವಿಮಾನದ ದಿನವಲ್ಲ, ಮೂವರಿಗೂ ಬಿಡುವು.

ಓಣಿಯ ಬಾಯಿಗೆ ಜೀಪೊಂದು ಬಂದು ನಿಂತಿತು. ಇಳಿದವರು ಈಗಿನ ಸಾಹೇಬರು. ಮೈಸೂರು ಕಡೆಯವರು, ವಯಸ್ಸು ಚಿಕ್ಕದು, ಬಂದು ವರ್ಷವಾಗಿರಲಿಲ್ಲ. ಹೊಳೆಪ್ಪನ ಮುಖವನ್ನು ಅವರು ನೋಡಿದ್ದೇ ಇಲ್ಲ. ಚಪ್ಪಲಿಯ ರಾಶಿಯ ಆಚೆಗೇ ನಿಂತು ಜಹೀರನನ್ನು ಕರೆದರು.

"ಜಹೀರುದ್ದೀನ್, ಕ್ಷಮಿಸಿ, ಇಂಥ ಹೊತ್ತಲ್ಲಿ ಬಂದೆ. ನಿನ್ನೆ ಮಳೆಗೆ ಕ್ಯಾನ್ಸಲ್ ಆಗಿತ್ತಲ್ಲ, ಆ ಫ್ಲೈಟು ಇವತ್ತು ಬರ್ತಿದೆ. ಬೆಂಗಳೂರು ಬಿಟ್ಟಾಯ್ತು ಅಂತ ಈಗ ಮೆಸೇಜ್ ಬಂತು. ನೀವು ಮೂರೂ ಜನ ಬೇಗ ಹೊರಡಿ."

"ಮಣ್ಣು ಕೊಟ್ಟು ಬರ್ತೀನ್ರಿ ಸಾಹೇಬ್ರ."

"ಅಷ್ಟು ಹೊತ್ತು ಎಲ್ಲಿದೆ? ನೀವಿಲ್ಲದೆ ಅದನ್ನ ಇಳಿಸೋ ಹಾಗಿಲ್ಲ, ನಿಮಗೇ ಗೊತ್ತು."

"ಗೊತ್ತೈತ್ರಿ. ಆದ್ರ ಈ ಹೆಗಲು ಇಳಸಾಕ ಆಗಂಗಿಲ್ಲ."

ಸಾಹೇಬರ ಮುಖ ಕೆಂಪಾಯಿತು. ಸುತ್ತ ನಿಂತವರೆಲ್ಲ ಕೇಳಿಸಿಕೊಳ್ಳುತ್ತಿದ್ದರು. "ನಾನು ರಿಪೋರ್ಟ್ ಬರೀಬೇಕಾಗತ್ತೆ. ಸಸ್ಪೆಂಡ್ ಆಗ್ತೀರಿ. ಆಮೇಲೆ ಕ್ಷಮಾಪಣೆ ಬರೆದು ಕೊಟ್ಟರೂ ಕೇಳೋರಿರಲ್ಲ."

ಶಂಭುಲಿಂಗಪ್ಪ ಜಹೀರನ ತೋಳು ಹಿಡಿದ. "ಹೋಗಪಾ ತಮ್ಮಾ, ಹೋಗು. ಸತ್ತಾಂವ ಸತ್ತ. ನಿನಗೂ ಮಕ್ಕಳದಾರ."

ಕ್ಷಮಾಪಣೆ ಎಂಬ ಮಾತು ಕಿವಿಗೆ ಬಿದ್ದಾಗ ರೇವವ್ವ, ಹೊಸಿಲಿಗೆ ಆತು ನಿಂತವಳು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

*

ಬೆಂಕಿ ಬಿದ್ದ ವರ್ಷ ಆ ಮಾತನ್ನು ಮನೆಗೆ ತಂದವನು ಶಂಭುಲಿಂಗಪ್ಪನೇ. ವಿಚಾರಣೆ ಮುಗಿದಿತ್ತು. ಮೇಲಿನವರು ಕೆಟ್ಟವರೇನಲ್ಲ, ತಪ್ಪಾಯಿತು, ಮುಂದೆ ಹೀಗೆ ಮಾಡುವುದಿಲ್ಲ ಎಂದು ಎರಡು ಸಾಲು ಬರೆದು ಸಹಿ ಹಾಕಿದರೆ ಮುಚ್ಚಿಬಿಡುತ್ತೇವೆ ಎಂದಿದ್ದರು.

ಹೊಳೆಪ್ಪ ಊಟದ ತಟ್ಟೆಯಿಂದ ತಲೆ ಎತ್ತಲಿಲ್ಲ. "ಬರಿಯಂಗಿಲ್ಲ."

"ಎರಡು ಸಾಲು ಬರದ್ರ ನಿಮ್ಮ ಮೀಸಿ ಉದರ್ತಾವೇನು?" ರೇವವ್ವ ಕೇಳಿದ್ದಳು. ನೀಲಕ್ಕನಿಗೆ ಆಗಷ್ಟೇ ವರ ಗೊತ್ತಾಗಿತ್ತು. ಸರ್ಕಾರಿ ನೌಕರನ ಮಗಳೆಂದೇ ಅವರು ಒಪ್ಪಿದ್ದರು.

"ಮೀಸಿ ಉದರಂಗಿಲ್ಲ. ಮುಂದ ಹಿಂಗ ಮಾಡಂಗಿಲ್ಲ ಅಂತ ಬರಿ ಅಂತಾರ. ನಾಳಿ ಮತ್ತ ಬೆಂಕಿ ಬಿತ್ತಂದ್ರ? ಬರದ ಕೈ ಸ್ಟೇರಿಂಗ್ ಹಿಡದು ಗೇಟು ದಾಟತೈತೇನು? ನಾ ಮತ್ತ ಹೋಗಾಂವನ. ಸುಳ್ಳ್ಯಾಕ ಬರೀಲಿ?"

"ಮಂದಿ ಗುಡಿಸಲಾ ಉಳಿಸಿದ್ರಿ, ನಿಮ್ಮ ಮನಿ ಸುಟ್ರಿ."

"ಸುಡಲಿ. ನಾ ಕಟ್ಟಿದ್ದು."

ನೌಕರಿ ಹೋಯಿತು. ಆ ದೀಪಾವಳಿಗೆ ರೇವವ್ವ ಹೋಳಿಗೆ ಮಾಡಲಿಲ್ಲ. ಗಂಡನ ಜೊತೆ ಮಾತೂ ಆಡಲಿಲ್ಲ. ಕೆಂಪು ಗಾಡಿಯ ಸ್ಟೇರಿಂಗಿಗೆ ಜಹೀರನನ್ನು ಹಾಕುತ್ತೇವೆಂದಾಗ ಅವನು ಅಳುಮುಖ ಮಾಡಿಕೊಂಡು ಇವರ ಬಾಗಿಲಿಗೆ ಬಂದು ಕೂತ. ಹೊಳೆಪ್ಪ ಅವನಿಗೇ ಬೈದ: "ನೀ ಹತ್ತಲಿಲ್ಲಂದ್ರ ಮತ್ತ್ಯಾವನೋ ಹತ್ತತಾನ. ನೀ ಹತ್ತಿದ್ರ ಹಟ್ಟಿ ಹಾದೀನರ ಗೊತ್ತಿರತೈತಿ. ಹತ್ತಲೇ."

ಆಮೇಲೆ ಹೊಳೆಪ್ಪ ಅವರಿವರ ಟ್ರ್ಯಾಕ್ಟರ್ ಓಡಿಸಿದ, ಸಿಕ್ಕಿದ ಕೆಲಸ ಮಾಡಿದ. ನೀಲಕ್ಕನ ಮಾತುಕತೆ ಮುರಿಯಿತು; ಮರುವರ್ಷ ಮಿಶ್ರಿಕೋಟಿಯ ಒಕ್ಕಲುತನದ ಮನೆಯಲ್ಲಿ ಗೊತ್ತಾಯಿತು, ಚೆನ್ನಾಗಿಯೇ ಆಯಿತು. ಕೆಲಸ ಮರಳಿ ಕೊಡಿಸುತ್ತೇನೆ, ಒಂದು ಮಾತು ಬರೆ ಎಂದು ಮತ್ತೆ ಯಾರೋ ಹೇಳಿ ಕಳಿಸಿದಾಗ ಅವನು ಟ್ರ್ಯಾಕ್ಟರ್ ಮೇಲಿಂದ ಇಳಿಯಲೂ ಇಲ್ಲ. ಆ ರಾತ್ರಿ ರೇವವ್ವ ಬಿಸಿ ರೊಟ್ಟಿಯ ಮೇಲೆ ಬೆಣ್ಣೆ ಇಟ್ಟು ತಟ್ಟೆ ಮುಂದೆ ತಳ್ಳಿದಳು.

*

"ಸಾಹೇಬ್ರ," ರೇವವ್ವ ಮೆಟ್ಟಿಲಿಳಿದು ಬಂದಳು. ಡೊಳ್ಳು ನಿಂತಿತು. "ಆ ವಿಮಾನದಾಗ ಎಷ್ಟು ಮಂದಿ ಬರಾಕತ್ತಾರ್ರಿ?"

"ತುಂಬಿದೆಯಮ್ಮ. ಹದಿನೆಂಟು ಜನ."

"ಅವರೇನು ನಮ್ಮ ವೈರಿಗಳಲ್ಲ. ಜಹೀರ ಬರ್ತಾನ."

ಸಾಹೇಬರು ಉಸಿರು ಬಿಟ್ಟರು. ರೇವವ್ವ ಅವರಿಗೆ ಕೈ ಮುಗಿಯಲಿಲ್ಲ.

"ಆದ್ರ ಹೆಗಲು ಕೊಟ್ಟ ಬರ್ತಾನ. ಸುತ್ತು ಹಾಕಿ ಹೋದ್ರ ಸಂಜಿ ಆಗತೈತಿ, ನಿಮ್ಮ ವಿಮಾನ ಸಂಜಿತನಕ ಕಾಯಂಗಿಲ್ಲ. ನೀವು ಗೇಟು ತಗೀರಿ. ನಮ್ಮ ಹಳೇ ಹಾದಿ ಹಿಡದು ನೆಟ್ಟಗ ದಾಟತೀವಿ. ನಾವು ದಾಟೂದು, ಜಹೀರ ಗಾಡಿ ಹತ್ತೂದು, ನೀವು ಇಳಿಸಿಕೊಳ್ಳೂದು."

"ರನ್‌ವೇ ಮೇಲಾ?" ಸಾಹೇಬರು ಎರಡು ಹೆಜ್ಜೆ ಮುಂದೆ ಬಂದರು. "ಅಮ್ಮಾ, ಅದು ಸಾಧ್ಯನೇ ಇಲ್ಲ. ಅಲ್ಲಿ ಜನ ಕಾಲಿಡೋ ಹಾಗೇ ಇಲ್ಲ. ಗೊತ್ತಾದರೆ ನನ್ನ ಕೆಲಸ ಹೋಗತ್ತೆ."

"ಹೋಗಂಗಿಲ್ರಿ. ಎರಡು ಸಾಲು ಬರೀರಿ, ತಪ್ಪಾತು, ಮುಂದ ಹಿಂಗ ಮಾಡಂಗಿಲ್ಲ ಅಂತ. ಬರದವ್ರನ್ನ ಬಿಡ್ತಾರ. ಬರೀಲಾರದವ್ರು ಇಲ್ಲಿ ಕುಂತಾರ ನೋಡ್ರಿ."

ಸಾಹೇಬರು ಮೊದಲ ಸಲ ವಿಮಾನದಲ್ಲಿ ಕೂತ ಹೊಳೆಪ್ಪನ ಕಡೆ ನೋಡಿದರು. ಪಟ್ಟಿ ಬಿಗಿಯಾಗಿತ್ತು, ತಲೆ ನೆಟ್ಟಗಿತ್ತು.

"ರೇವವ್ವಾ, ಸಾಕು," ಎಂದ ಶಂಭುಲಿಂಗಪ್ಪ, "ದೊಡ್ಡವರ ಜೋಡಿ—"

"ಭಾವಾರ, ಟ್ರ್ಯಾಕ್ಟರ್ ಹೊಳ್ಳಿಸಿ ಕಳಸ್ರಿ."

ಕರಿಸಿದ್ದಪ್ಪ ಡೊಳ್ಳಿನವನಿಗೆ ಕಣ್ಣು ಮಾಡಿದ. ಡೊಳ್ಳು ಎದ್ದಿತು. ಸಾಹೇಬರು ಗಡಿಯಾರ ನೋಡಿಕೊಂಡರು, ಆಕಾಶ ನೋಡಿದರು, ಓಣಿಯ ತುಂಬ ನಿಂತ ಮಂದಿಯನ್ನು ನೋಡಿದರು. ಕೊನೆಗೆ ಜೀಪು ಹತ್ತುತ್ತ, ಯಾರ ಮುಖವನ್ನೂ ನೋಡದೆ, "ಬೇಗ ಬನ್ನಿ" ಅಂದರು.

ಗೇಟು ತೆರೆದಿತ್ತು. ಹೊಳೆಪ್ಪನನ್ನು ಹೊತ್ತವರು ತಗಡಿನ ಹಾಲ್ ಬಳಸಿ, ನೆನೆದ ಹುಲ್ಲು ತುಳಿದು, ಡಾಂಬರಿಗೆ ಏರಿದರು. ಏರ್‌ಪೋರ್ಟ್ ಆದಾಗಿನಿಂದ ತಂತಿಯ ಹೊರಗೆ ನಿಂತು ನೋಡಿದ್ದ ಮಂದಿ ಈಗ ಅದರ ಮೇಲೆ ಬರಿಗಾಲಲ್ಲಿ ನಡೆದರು. ಹೆಂಗಸರು ಬಾಗಿ ಬಿಳಿ ಗೆರೆ ಮುಟ್ಟಿ ನೋಡಿದರು. ಮೈಲಾರವ್ವ ಮಡಿಲಲ್ಲಿ ತಂದಿದ್ದ ಚುರುಮುರಿ, ಚೆಂಡುಹೂವನ್ನು ಹಿಡಿ ಹಿಡಿ ಎರಚುತ್ತ ಮುಂದೆ ನಡೆಯುತ್ತಿದ್ದಳು. ಅಂದು ಹೊಗೆಯಿಂದ ಹೊರಬಂದ ಮಗಳು ಅವಳ ಸೆರಗು ಹಿಡಿದಿದ್ದಳು.

ನಟ್ಟನಡುವೆ ಬಂದಾಗ ರೇವವ್ವ, "ಇಳಸ್ರಿ" ಅಂದಳು.

ಅರ್ಧ ಹಾದಿಗೆ ಇಳಿಸಿ, ಒಂದು ಗಳಿಗೆ ನಿಲ್ಲಿಸಿ, ಹೆಗಲು ಬದಲಿಸುವುದು ಪದ್ಧತಿ. ಹಿಂದೆ ಬರುತ್ತಿದ್ದ ಸಾಹೇಬರು ಓಡಿ ಬಂದರು. "ಇಲ್ಲಿ ಬೇಡ, ದಯವಿಟ್ಟು ಇಲ್ಲಿ ಬೇಡ!"

"ಅರ್ಧ ಹಾದಿ ಇಲ್ಲೇ ಆಗತೈತ್ರಿ. ಹಾದಿ ನಾವು ಹಾಕಿದ್ದಲ್ಲ, ನಮ್ಮ ಹಿರ್‍ಯಾರದು."

ಬಿಳಿ ಗೆರೆಯ ಮೇಲೆ ವಿಮಾನ ಇಳಿಯಿತು. ಊರ ಮಠದ ಅಯ್ಯನವರು ಮಂತ್ರ ಹೇಳಿ ಗಂಟೆ ಬಾರಿಸಿದರು. ಅಷ್ಟರಲ್ಲಿ ಮೂಡಣ ಮೋಡದೊಳಗಿಂದ ಎಂಜಿನ್ನಿನ ಸದ್ದು ಬಂತು. ಪುಟ್ಟ ವಿಮಾನ ಮೋಡ ಹರಿದು ಕಾಣಿಸಿಕೊಂಡು, ತಲೆಯ ಮೇಲೆ ಹಾದು, ಸಂಶಿಯ ಕಡೆಗೆ ವಾಲಿ ಸುತ್ತು ಹಾಕತೊಡಗಿತು. ಯಾರೂ ಓಡಲಿಲ್ಲ. ಜಹೀರುದ್ದೀನ ಹೊಳೆಪ್ಪನ ಪಾದಕ್ಕೆ ಹಣೆ ಹಚ್ಚಿ ಎದ್ದು, ತನ್ನ ಜಾಗಕ್ಕೆ ನೀಲಕ್ಕನ ಗಂಡನನ್ನು ನಿಲ್ಲಿಸಿ, ರೇವವ್ವನ ಮುಖ ನೋಡಿದ.

"ಹೋಗು. ಎಂಜಿನ್ ಚಾಲೂ ಮಾಡು," ಅಂದಳು ಅವಳು.

ಅವನು, ಅವನ ಜೊತೆಗಾರರು ಕೆಂಪು ಗಾಡಿಯ ಕಡೆಗೆ ಓಡಿದರು. ಶಂಭುಲಿಂಗಪ್ಪ ಅಷ್ಟೊತ್ತು ಹಿಂದೆ ಹಿಂದೆ ಉಳಿದಿದ್ದವನು, ಮುಂದೆ ಬಂದು ತಲೆಯ ಪಟಗ ಸರಿಮಾಡಿಕೊಂಡು, ಕರಿಸಿದ್ದಪ್ಪನ ಮಗನ ಪಕ್ಕದಲ್ಲಿ ಬಿದಿರಿನ ಕೆಳಗೆ ಹೆಗಲು ಕೊಟ್ಟ. ವಿಮಾನ ಮೇಲೆದ್ದಿತು.

ಆಚೆ ದಿಕ್ಕಿನ ತಂತಿಗೆ ಗೇಟಿರಲಿಲ್ಲ. ಕರಿಸಿದ್ದಪ್ಪ ಮುಂದೆ ಹೋಗಿ, ತಂತಿ ಕಟ್ಟಿದ ಎರಡು ಕಲ್ಲುಕಂಬಗಳನ್ನು ಅಲುಗಾಡಿಸಿ ಎತ್ತಿ ನೆಲಕ್ಕೆ ಮಲಗಿಸಿದ.

"ಇವು ಯಾವಾಗಿಂದ ಸಡಿಲಾಗಿವೆ?" ಸಾಹೇಬರು ಕೇಳಿದರು.

"ನೀವು ನೆಟ್ಟ ಮರುದಿನದಿಂದ್ರಿ. ಕುರಿ ಹಾಯಬೇಕಲ್ರಿ."

ಮಲಗಿದ ತಂತಿಯನ್ನು ದಾಟಿ ಎಲ್ಲರೂ ಹಳ್ಳದ ಹೊಲದ ಬದುವಿಗಿಳಿದರು. ಕುಣಿ ತೋಡಿ ಇಟ್ಟಿದ್ದರು. ಕರಿ ಮಣ್ಣು ಪಕ್ಕದಲ್ಲಿ ಹಸಿಯಾಗಿ ಮಿನುಗುತ್ತಿತ್ತು. ಬದುವಿನ ಮೇಲೆ ನಿಂತು ರೇವವ್ವ ಒಮ್ಮೆ ತಿರುಗಿ ನೋಡಿದಳು.

ಕೆಂಪು ಗಾಡಿ ತನ್ನ ಜಾಗದಲ್ಲಿ ನಿಂತು ಹೊಗೆ ಬಿಡುತ್ತಿತ್ತು. ಚುರುಮುರಿಗೆಂದು ಗೊರವಂಕ, ಪಾರಿವಾಳ, ಕಾಗೆಗಳೆಲ್ಲ ಡಾಂಬರಿನ ಮೇಲೆ ಹಿಂಡು ಹಿಂಡಾಗಿ ಇಳಿದಿದ್ದವು. ಕಾವಲುಗಾರ ಕಸಬರಿಗೆಯಿಂದ ಒಂದು ಕಡೆ ಅಟ್ಟಿದರೆ ಅವು ಹಾರಿ ಇನ್ನೊಂದು ಕಡೆ ಕೂರುತ್ತಿದ್ದವು. ಬಿಳಿ ಗೆರೆಯ ಮೇಲೆ ಸಾಹೇಬರು ಮೊಣಕಾಲೂರಿ, ಚೆಂಡುಹೂಗಳನ್ನು ಒಂದೊಂದಾಗಿ ಆರಿಸಿ ತಮ್ಮ ಟೊಪ್ಪಿಗೆಯಲ್ಲಿ ತುಂಬಿಕೊಳ್ಳುತ್ತಿದ್ದರು. ಅವರ ತಲೆಯ ಮೇಲೆ ಹದಿನೆಂಟು ಮಂದಿಯ ವಿಮಾನ ಇನ್ನೊಂದು ಸುತ್ತು ಹಾಕುತ್ತಿತ್ತು.